ಡಿಸ್ಕ್ರಿಪ್ಟಿವ್ ಜಾಮೆಟ್ರಿ: ಕೋಟೆಯಲ್ಲಿ ಹುಟ್ಟಿದ ಗಣಿತ

ಇಂಜಿನಿಯರಿಂಗ್ ಮೊದಲ ವರ್ಷದ ಡ್ರಾಯಿಂಗ್ ಕ್ಲಾಸನ್ನು ಮರೆತವರು ಕಡಿಮೆ, ಅಲ್ವಾ? ನಡುವೆ ಒಂದು ಎಕ್ಸ್-ವೈ ಗೆರೆ. ಮೇಲೆ ಫ್ರಂಟ್ ವ್ಯೂ, ಅಂದರೆ ವಸ್ತು ಎದುರಿನಿಂದ ಕಾಣುವ ನೋಟ. ಕೆಳಗೆ ಟಾಪ್ ವ್ಯೂ, ಮೇಲಿನಿಂದ ಕಾಣುವ ನೋಟ. ಈ ವಿದ್ಯೆಯ ಮೂಲ ಹೆಸರು ಡಿಸ್ಕ್ರಿಪ್ಟಿವ್ ಜಾಮೆಟ್ರಿ. ಉದ್ದ, ಅಗಲ, ಎತ್ತರ ಮೂರೂ ಇರುವ ವಸ್ತುವನ್ನು ಚಪ್ಪಟೆ ಕಾಗದದ ಮೇಲೆ ಅಳತೆ ಕೆಡದಂತೆ ಇಳಿಸುವ ಗಣಿತ ಇದು.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಹಾಳೆ ಮೇಜಿನ ಮೇಲೆ ಮಲಗಿರಲಿ, ಇನ್ನೊಂದು ಗೋಡೆಯ ಹಾಗೆ ನೆಟ್ಟಗೆ ನಿಂತಿರಲಿ. ಈಗ ಪೆನ್ಸಿಲ್ ತುದಿಯನ್ನು ಗಾಳಿಯಲ್ಲಿ ಹಿಡಿಯಿರಿ. ಅದರ ನೇರ ಕೆಳಗೆ, ಮಲಗಿದ ಹಾಳೆಯಲ್ಲಿ ಒಂದು ಚುಕ್ಕೆ ಇಡಿ. ಅದರ ನೇರ ಹಿಂದೆ, ನಿಂತ ಹಾಳೆಯಲ್ಲಿ ಇನ್ನೊಂದು. ಕೆಳಗಿನ ಚುಕ್ಕೆ ತುದಿ ಗೋಡೆಯಿಂದ ಎಷ್ಟು ದೂರ ಅಂತ ಹೇಳುತ್ತದೆ, ಹಿಂದಿನದು ಎಷ್ಟು ಎತ್ತರ ಅಂತ. ಪುಸ್ತಕವನ್ನು ಪೂರ್ತಿ ಬಿಚ್ಚಿ ಮಲಗಿಸಿದರೆ ಎರಡೂ ಚುಕ್ಕೆ ಒಂದೇ ಗೆರೆಯಲ್ಲಿ ಬರುತ್ತವೆ. ಆ ಗೆರೆ ಮಡಿಕೆಗೆ ಲಂಬವಾಗಿರುತ್ತದೆ. ಆ ಮಡಿಕೆಯೇ ನಮ್ಮ ಎಕ್ಸ್-ವೈ ಗೆರೆ!

ಇದನ್ನು ಕಂಡುಕೊಂಡವರು ಫ್ರಾನ್ಸಿನ ಗಾಸ್ಪಾರ್ ಮೊಂಜ್. ಮೆಜಿಯೇರ್‌ನ ಸೈನಿಕ ಇಂಜಿನಿಯರಿಂಗ್ ಶಾಲೆಯಲ್ಲಿ ಅವರಿಗೊಂದು ಕೆಲಸ ಬಂತು. ಶತ್ರುವಿನ ಕಣ್ಣಿಗೂ ಗುಂಡಿಗೂ ಒಳಗಿನವರು ಸಿಗದಂತೆ ಕೋಟೆಯ ಗೋಡೆ ಎಷ್ಟೆತ್ತರ ಇರಬೇಕು? ಉಳಿದವರು ಉದ್ದುದ್ದ ಲೆಕ್ಕ ಹಾಕುತ್ತಿದ್ದರು. ಮೊಂಜ್ ಗೆರೆ ಎಳೆದೇ ಉತ್ತರ ತಂದರು. ಇಷ್ಟು ಬೇಗ ಆಗೋದು ಸಾಧ್ಯವಿಲ್ಲ ಅಂತ ಮೇಲಿನವರು ಮೊದಲು ಅದನ್ನು ನೋಡಲೂ ಒಪ್ಪಲಿಲ್ಲ. ನೋಡಿದ ಮೇಲೆ ಸೇನೆಯ ಗುಟ್ಟು ಅಂತ ಮುಚ್ಚಿಟ್ಟರು. ಅದು ಬಹಿರಂಗವಾಗಿ ಪಾಠಕ್ಕೆ ಬಂದದ್ದು ಫ್ರೆಂಚ್ ಕ್ರಾಂತಿಯ ನಂತರ, 1795ರ ಹೊತ್ತಿಗೆ.

ಅಮೆರಿಕಕ್ಕೆ ಇದನ್ನು ಒಯ್ದವರು ಕ್ಲೌಡಿಯಸ್ ಕ್ರೋಜೆ. ನೆಪೋಲಿಯನ್ ಸೇನೆಯಲ್ಲಿದ್ದು, ರಷ್ಯಾದಲ್ಲಿ ಸೆರೆಸಿಕ್ಕಿ ಬಂದವರು. 1816ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಇಂಜಿನಿಯರಿಂಗ್ ಕಲಿಸಲು ಸೇರಿದರು. ಅಲ್ಲಿ ನೋಡಿದರೆ ಹುಡುಗರಿಗೆ ಅದಕ್ಕೆ ಬೇಕಾದ ಗಣಿತವೇ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಪುಸ್ತಕವಿಲ್ಲ. ಮೇಷ್ಟರಿಗೆ ಇಂಗ್ಲಿಷ್ ಸರಿಯಾಗಿ ಬಾರದು. ಅವರು ಬಡಗಿಯಿಂದ ಹಲಗೆ ಮಾಡಿಸಿ, ಕಪ್ಪು ಬಣ್ಣ ಬಳಿಸಿ, ಸೀಮೆಸುಣ್ಣ ಹಿಡಿದರು. ಮಾತು ತಡವರಿಸಿದ ಕಡೆ ಗೆರೆ ಮಾತಾಡಿತು. ಅವರು ಬಿಡಿಸಿ ತೋರಿಸುತ್ತಿದ್ದರು, ಹುಡುಗ ಎದ್ದು ಬಂದು ಅದನ್ನೇ ಬಿಡಿಸಿ ವಿವರಿಸಬೇಕಿತ್ತು. ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣದು.

1817ರಲ್ಲಿ ಮುಖ್ಯಸ್ಥರಾದ ಸಿಲ್ವೇನಸ್ ಥೇಯರ್ ಇದನ್ನೇ ಪದ್ಧತಿ ಮಾಡಿದರು. ಚಿಕ್ಕ ಚಿಕ್ಕ ಗುಂಪು, ದಿನಾ ಪಾಠ ಒಪ್ಪಿಸೋದು, ದಿನಾ ಅಂಕ. 1821ರಲ್ಲಿ ಕ್ರೋಜೆ ತಮ್ಮ ಹುಡುಗರಿಗಾಗಿ ಪುಸ್ತಕವನ್ನೂ ಬರೆದರು.

ಎರಡು ವರ್ಷದ ನಂತರ ಅವರು ವರ್ಜೀನಿಯಾಕ್ಕೆ ಹೋದರು. ಮುಂದೆ ಬ್ಲೂ ರಿಡ್ಜ್ ಬೆಟ್ಟದಲ್ಲಿ ರೈಲಿಗೆ ಸುರಂಗ ಕೊರೆಸಿದರು. ಎರಡೂ ಕಡೆಯಿಂದ ಕೊರೆಯುತ್ತಾ ಬಂದ ಕೆಲಸಗಾರರು 1856ರ ಕೊನೆಗೆ ಬೆಟ್ಟದ ಹೊಟ್ಟೆಯಲ್ಲಿ ಎದುರುಬದುರಾದರು.