ಬಣ್ಣ ಹಿಡಿದ ಪರಾಗವೆಲ್ಲ ಜೀವಂತವಲ್ಲ

ಸೀತಾಫಲದ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗದ ತುದಿ, ಅಂಟಂಟಾಗಿ ಪರಾಗಕ್ಕೆ ಕಾಯುವಾಗ ಅದೇ ಹೂವಿನ ಪರಾಗಕೋಶಗಳು ಇನ್ನೂ ಒಡೆದಿರುವುದಿಲ್ಲ. ಹಾಗಾಗಿ ಬೇರೆ ಹೂವಿನ ಪರಾಗವನ್ನು ಬ್ರಷ್‌ನಿಂದ ಸವರುತ್ತಾರೆ. ಸವರಿದ್ದು ಸತ್ತ ಪರಾಗವಾದರೆ ಕಾಯಿ ಕಚ್ಚುವುದಿಲ್ಲ. ಅರ್ಧಂಬರ್ಧ ಸತ್ತಿದ್ದರೆ ಕಾಯಿ ಸೊಟ್ಟಗಾಗುತ್ತದೆ.

ಪರಾಗ ಜೀವಂತವೇ ಎಂಬ ಪರೀಕ್ಷೆ ಎಂದೊಡನೆ ಕೈ ಹೋಗುವುದು ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣದ ಸೀಸೆಗೆ. ಒಂದು ಹನಿ ಹಾಕಿ, ಕೆಂಪಾದವನ್ನೆಲ್ಲ ಜೀವಂತ ಎಂದು ಎಣಿಸುತ್ತಾರೆ. ಈ ಲೆಕ್ಕ ನಂಬಬೇಡಿ. ಕಾರ್ಮಿನ್ ಬಣ್ಣ ಕೊಡುವುದು ರೇಣುವಿನ (ಪರಾಗದ ಒಂದು ಕಣದ) ಒಳಗಿನ ಸರಕಿಗೆ, ಅದರ ಉಸಿರಿಗಲ್ಲ. 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟು ಕೊಂದ ಪರಾಗವೂ ಕೆಂಪಾಗುತ್ತದೆ. ದೀಪದಲ್ಲಿ ಎಣ್ಣೆಯಿದೆ ಎಂದು ತಿಳಿಯಿತು, ಉರಿಯುತ್ತಿದೆಯೇ ಎಂದು ತಿಳಿಯಲಿಲ್ಲ. ಅಲೆಕ್ಸಾಂಡರ್ ಎಂಬವರು 1969ರಲ್ಲಿ ಕೊಟ್ಟ ಬಣ್ಣ ಇನ್ನೂ ಸೊಗಸು: ರೇಣುವಿನ ಗೋಡೆ ಹಸಿರು, ಒಳಗಿನ ದ್ರವ್ಯ ಕಡುಗೆಂಪು. ಅದೂ ಟೊಳ್ಳನ್ನು ತುಂಬಿದ್ದರಿಂದ ಬೇರ್ಪಡಿಸುತ್ತದೆ, ಅಷ್ಟೇ.

ರೇಣು ಮೊಳೆತು ಅದರಿಂದ ಪರಾಗನಾಳ ಎಂಬ ಸಣ್ಣ ಕೊಳವೆ ಹೊರಬಂದರೆ ಮಾತ್ರ ಸಾಕ್ಷಿ. ಪರಾಗ ಮೊಳೆಸಲು ಬ್ರೂಬೇಕರ್ ಮತ್ತು ಕ್ವಾಕ್ ಎಂಬ ಸಂಶೋಧಕರು 1963ರಲ್ಲಿ ಕೊಟ್ಟ ದ್ರಾವಣ ಇಂದಿಗೂ ಒಳ್ಳೆಯ ಆರಂಭ: ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ 100 ಗ್ರಾಂ ಸಕ್ಕರೆ, 100 ಮಿಲಿಗ್ರಾಂ ಬೋರಿಕ್ ಆಮ್ಲ, 300 ಮಿಲಿಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 200 ಮಿಲಿಗ್ರಾಂ ಮೆಗ್ನೀಸಿಯಂ ಸಲ್ಫೇಟ್, 100 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್. ಇದರ ಹಿಂದಿನ ಸಂಗತಿ ಬಲು ಚೆಂದ. ಹನಿಯಲ್ಲಿ ರೇಣುಗಳು ಒತ್ತೊತ್ತಾಗಿದ್ದರೆ ಚೆನ್ನಾಗಿ ಮೊಳೆಯುತ್ತವೆ, ವಿರಳವಾಗಿದ್ದರೆ ಮುದುಡಿ ಕೂರುತ್ತವೆ. ಈ ಗುಂಪಿನ ಬಲ ಎಲ್ಲಿಂದ ಬಂತೆಂದು ಹುಡುಕಿದಾಗ ಸಿಕ್ಕಿದ್ದು ಕ್ಯಾಲ್ಸಿಯಂ. ಅದನ್ನು ಹೊರಗಿನಿಂದ ಕೊಟ್ಟರೆ ಒಂಟಿ ರೇಣುವೂ ನಾಳ ಚಾಚುತ್ತದೆ. ಸಕ್ಕರೆಯದು ಊಟದ ಕೆಲಸವಷ್ಟೇ ಅಲ್ಲ, ಅದು ನೀರಿಗೆ ಹಾಕಿದ ಕಡಿವಾಣ. ಕಡಿಮೆಯಾದರೆ ರೇಣು ನೀರು ಹೀರಿ ಸಿಡಿಯುತ್ತದೆ, ಹೆಚ್ಚಾದರೆ ನೀರು ಸಿಗದೆ ಹಾಗೇ ಉಳಿಯುತ್ತದೆ. ಸಿಡಿದವು ಹೆಚ್ಚು ಕಂಡರೆ ಸಕ್ಕರೆಯನ್ನು ಸ್ವಲ್ಪ ಏರಿಸಿ.

ಒಣಗಿದ ಪರಾಗವನ್ನು ನೇರವಾಗಿ ಹನಿಗೆ ಉದುರಿಸಬೇಡಿ. ಒದ್ದೆ ಕಾಗದ ಹಾಸಿದ ಮುಚ್ಚಿದ ತಟ್ಟೆಯಲ್ಲಿ ಅರ್ಧ ಗಂಟೆ ತೇವ ಹಿಡಿಸಿ. ಇಲ್ಲದಿದ್ದರೆ ಹಠಾತ್ತನೆ ನೀರು ನುಗ್ಗಿ ಪೊರೆ ಸೋರುತ್ತದೆ. ನಂತರ ಹನಿಯನ್ನು ಅದೇ ತಟ್ಟೆಯಲ್ಲಿ 25 ಡಿಗ್ರಿಯಲ್ಲಿ ಕೆಲವು ಗಂಟೆ ಇಡಿ. ನಾಳ ರೇಣುವಿನ ವ್ಯಾಸಕ್ಕಿಂತ ಉದ್ದವಾದರೆ ಮೊಳೆತಂತೆ. ಸೀತಾಫಲದ ರೇಣುಗಳು ನಾಲ್ಕು ನಾಲ್ಕಾಗಿ ಅಂಟಿಕೊಂಡೇ ಉದುರುತ್ತವೆ. ಎಣಿಸುವುದು ರೇಣುವನ್ನೋ ನಾಲ್ಕರ ಗುಂಪನ್ನೋ ಎಂದು ಮೊದಲೇ ನಿರ್ಧರಿಸಿಕೊಳ್ಳಿ.

ಪಕ್ಕದಲ್ಲೇ ಆಗತಾನೆ ಒಡೆದ ಹೂವಿನ ಪರಾಗದ ಒಂದು ಹನಿಯನ್ನೂ ಇಡಿ. ಅದೂ ಮೊಳೆಯದಿದ್ದರೆ ಮೊದಲು ದ್ರಾವಣವನ್ನು ಅನುಮಾನಿಸಿ.