ಕೆಲವೇ ನೂರು ಜನರ ಊರು, ಒಂಬತ್ತು ಸಲ ದೇಶಕ್ಕೇ ಚಾಂಪಿಯನ್: ಅದು ಹೇಗೆ?

ಓದುಗರ ಪ್ರಶ್ನೆ: ಐರ್ಲೆಂಡ್‌ನ ಹರ್ಲಿಂಗ್ ಆಟದಲ್ಲಿ ಬ್ಯಾಲಿಹೇಲ್ ಅನ್ನೋ ಸಣ್ಣ ಹಳ್ಳಿಯ ಕ್ಲಬ್ ಒಂಬತ್ತು ಸಲ ದೇಶದ ಚಾಂಪಿಯನ್ ಆಗಿದೆಯಂತೆ. ಆಟಗಾರರಿಗೆ ಸಂಬಳವೂ ಇಲ್ಲವಂತೆ. ದೊಡ್ಡ ಊರಿನ ಕ್ಲಬ್‌ಗಳು ಬಂದು ಒಳ್ಳೆ ಆಟಗಾರರನ್ನು ಎಳೆದುಕೊಂಡು ಹೋಗೋದಿಲ್ವಾ?

ಉತ್ತರ: ಎಳೆದುಕೊಂಡು ಹೋಗೋಕೆ ಆಗಲ್ಲ. ಚಿಕ್ಕ ಉತ್ತರ ಇಷ್ಟೇ. ಡಬ್ಲಿನ್ ಕಡೆ ಕೆಲಸಕ್ಕೆ ಹೋದ ಕನ್ನಡಿಗರು ಈ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ. ಮಗ ಶಾಲೆಯಿಂದ ತುದಿ ಅಗಲವಾದ ಒಂದು ಮರದ ಕೋಲು ಹಿಡಿದು ಮನೆಗೆ ಬಂದ ದಿನ ಶುರುವಾಗುವ ಕುತೂಹಲ ಅದು. ಹಾಗಾಗಿ ಬ್ಯಾಲಿಹೇಲ್ ಕತೆಯನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಆಟ. ಆ ಕೋಲಿಗೆ ಹರ್ಲಿ ಅನ್ನುತ್ತಾರೆ. ಆ್ಯಶ್ ಮರದ ಬುಡ ಬೇರಿನ ಕಡೆಗೆ ಬಾಗುವ ಜಾಗದಿಂದ ಅದನ್ನು ಕೊಯ್ಯುತ್ತಾರೆ. ಮರದ ಎಳೆ ಕೋಲಿನ ಜೊತೆಗೇ ಬಾಗಿದ್ದರೆ ಅದು ಸುಲಭಕ್ಕೆ ಮುರಿಯುವುದಿಲ್ಲ. ಚೆಂಡಿನ ಹೆಸರು ಸ್ಲಿಟರ್: ಒಳಗೆ ಕಾರ್ಕ್, ಮೇಲೆ ಚರ್ಮ, ಗಟ್ಟಿಯಾಗಿ ಎದ್ದು ನಿಂತ ಹೊಲಿಗೆ. ಒಂದು ಕಡೆಗೆ ಹದಿನೈದು ಜನ. ಗೋಲ್ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಹಾಗೆ. ಅಡ್ಡಪಟ್ಟಿಯ ಕೆಳಗೆ ಹೋದರೆ ಗೋಲು, ಅದಕ್ಕೆ ಮೂರು ಅಂಕ. ಮೇಲೆ ಹೋದರೆ ಒಂದು. ಸ್ಕೋರ್ ಬರೆಯುವುದೂ ಎರಡು ಭಾಗದಲ್ಲಿ. 2-17 ಅಂದರೆ ಎರಡು ಗೋಲು, ಹದಿನೇಳು ಪಾಯಿಂಟ್, ಒಟ್ಟು 23. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕ್ಲಬ್ ವಿಷಯ. 1884ರ ನವೆಂಬರ್ 1ರಂದು ಟಿಪರೇರಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಥರ್ಲ್ಸ್ ಎಂಬ ಊರಿನ ಒಂದು ಹೋಟೆಲ್‌ನಲ್ಲಿ ಮೈಕೆಲ್ ಕ್ಯೂಸಾಕ್, ಮಾರಿಸ್ ಡೇವಿನ್ ಮತ್ತು ಇನ್ನು ಕೆಲವರು ಸೇರಿ ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್) ಎಂಬ ಸಂಘ ಕಟ್ಟಿದರು. ಬ್ರಿಟಿಷ್ ಆಳ್ವಿಕೆಯ ಕಾಲ. ನಮ್ಮ ನೆಲದ ಆಟಗಳು ಸಾಯುತ್ತಿವೆ, ಉಳಿಸಬೇಕು ಅನ್ನೋ ಹಟ. ಆ ಸಂಘ ಹಳ್ಳಿ ಹಳ್ಳಿಗೆ ಹರಡಿದ್ದು ಪ್ಯಾರಿಷ್ ಹಿಡಿದುಕೊಂಡು. ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ನಾಲ್ಕಾರು ಊರು. ಜನ ಭಾನುವಾರ ಹೇಗೂ ಅಲ್ಲಿ ಸೇರುತ್ತಿದ್ದರು. ಅದೇ ಗುಂಪು ತಂಡವೂ ಆಯಿತು.

ಹೀಗಾಗಿ ಕ್ಲಬ್ಬನ್ನು ನೀವು ಆರಿಸಿಕೊಳ್ಳುವುದಿಲ್ಲ. ಮನೆ ಎಲ್ಲಿದೆಯೋ ಅಲ್ಲಿಯ ಕ್ಲಬ್ಬೇ ನಿಮ್ಮದು. ಕಿಲ್ಕೆನಿ ಕೌಂಟಿಯಲ್ಲಂತೂ ಈ ಪ್ಯಾರಿಷ್ ನಿಯಮ ಬಲು ಬಿಗಿ. ಐಪಿಎಲ್ ಹರಾಜು ನೋಡಿ ಅಭ್ಯಾಸವಾದ ನಮಗೆ ಇದು ವಿಚಿತ್ರ ಅನ್ನಿಸುತ್ತೆ, ಅಲ್ವಾ? ದೇಶದ ಅತಿ ದೊಡ್ಡ ಆಟಗಾರನೂ ತನ್ನೂರಿನ ಪೋಸ್ಟ್‌ಮ್ಯಾನ್, ರೈತ, ಮೇಷ್ಟ್ರ ಜೊತೆಗೇ ಆಡಬೇಕು.

ಬ್ಯಾಲಿಹೇಲ್ ಇರುವುದು ಕಿಲ್ಕೆನಿ ಕೌಂಟಿಯ ದಕ್ಷಿಣದಲ್ಲಿ, ಕಿಲ್ಕೆನಿ ಮತ್ತು ವಾಟರ್‌ಫರ್ಡ್ ನಗರಗಳ ನಡುವೆ. ಬ್ಯಾಲಿಹೇಲ್, ನಾಕ್‌ಟೋಫರ್, ನಾಕ್‌ಮೊಯ್ಲನ್, ಈ ಮೂರು ಕಡೆಯ ಹುಡುಗರು ಸೇರಿ 1972ರಲ್ಲಿ ಒಂದು ಕ್ಲಬ್ ಆಯಿತು. ಹೆಸರು ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್, ಬಣ್ಣ ಹಸಿರು-ಬಿಳಿ. ಕೇಳೋಕೆ ಸುಲಭ. ಆದರೆ ಅಕ್ಕಪಕ್ಕದ ಊರಿನವರು ಒಂದೇ ಅಂಗಿ ಹಾಕಿಕೊಳ್ಳೋಕೆ ಒಪ್ಪುವುದು ಎಲ್ಲಿಯೂ ಸುಲಭದ ಮಾತಲ್ಲ. ನನ್ನ ಲೆಕ್ಕದಲ್ಲಿ ಈ ಕ್ಲಬ್‌ನ ಅತಿ ದೊಡ್ಡ ಗೆಲುವು ಅದೇ. ಕಪ್‌ಗಳೆಲ್ಲ ಆಮೇಲಿನವು.

ಕಪ್ ಬರೋಕೆ ಜಾಸ್ತಿ ಕಾಲ ಹಿಡಿಯಲಿಲ್ಲ. ಆರೇ ವರ್ಷಕ್ಕೆ, 1978ರಲ್ಲಿ, ಕಿಲ್ಕೆನಿಯ ಸೀನಿಯರ್ ಕಪ್, ಅಂದರೆ ಕೌಂಟಿಯೊಳಗಿನ ಕ್ಲಬ್‌ಗಳ ಅತಿ ಮೇಲಿನ ಕಪ್, ಊರಿಗೆ ಬಂತು. ಮರುವರ್ಷ ಅಖಿಲ ಐರ್ಲೆಂಡ್ ಕ್ಲಬ್ ಫೈನಲ್. ಕಾರ್ಕ್ ನಗರದ ಬ್ಲ್ಯಾಕ್‌ರಾಕ್ ಕ್ಲಬ್ ಎದುರು 5-5 ಹೊಡೆದು 5-7ಕ್ಕೆ ಸೋತರು. ಐದು ಗೋಲು ಹೊಡೆದೂ ಸೋಲುವುದಕ್ಕೆ ಒಂದು ಥರದ ಹಣೆಬರಹ ಬೇಕು.

1981ರಲ್ಲಿ ಮತ್ತೆ ಫೈನಲ್, ಮತ್ತೆ ಕಾರ್ಕ್‌ನದೇ ತಂಡ, ಸೇಂಟ್ ಫಿನ್‌ಬಾರ್ಸ್. ಈ ಸಲ ಬ್ಯಾಲಿಹೇಲ್ ಗೆದ್ದಿತು, 1-15ಕ್ಕೆ 1-11. ಆ ದಿನ ಆಡಿದವರಲ್ಲಿ ಏಳು ಜನ ಒಂದೇ ಮನೆಯವರು. ಫೆನೆಲಿ ಮನೆತನದ ಏಳು ಅಣ್ಣತಮ್ಮಂದಿರು: ಮೈಕೆಲ್, ಗೆರ್, ಕೆವಿನ್, ಬ್ರೆಂಡನ್, ಲಿಯಾಮ್, ಡರ್ಮಟ್, ಶಾನ್. ಹದಿನೈದರಲ್ಲಿ ಏಳು! ಒಂದು ಮನೆಯಲ್ಲಿ ಊಟಕ್ಕೆ ಎಲೆ ಹಾಕಿದರೆ ಅರ್ಧ ತಂಡ ಬಂದು ಕೂತ ಹಾಗೆ. 1984ರಲ್ಲಿ ಗಾರ್ಟ್ ತಂಡದ ಮೇಲೆ, ಮೊದಲ ಪಂದ್ಯ ಸಮವಾಗಿ ಮತ್ತೊಮ್ಮೆ ಆಡಿ, ಗೆದ್ದರು. 1990ರಲ್ಲಿ ಮೂರನೆಯದು.

ಆಮೇಲೆ ಬರ. ಪ್ರಶ್ನೆ ಕೇಳುವವರು ಈ ಭಾಗವನ್ನು ಗಮನಿಸುವುದೇ ಇಲ್ಲ. 1991ರಲ್ಲಿ ಕೌಂಟಿ ಕಪ್ ಗೆದ್ದರು. ಮುಂದಿನದು ಬಂದಿದ್ದು 2006ರಲ್ಲಿ. ಹದಿನೈದು ವರ್ಷ. ಅಣ್ಣತಮ್ಮಂದಿರಿಗೆ ವಯಸ್ಸಾಯಿತು, ಅವರ ಜಾಗಕ್ಕೆ ಹೊರಗಿನಿಂದ ಕೊಂಡು ತರೋಕೆ ಆಗಲ್ಲ. ಪಕ್ಕದ ಪ್ಯಾರಿಷ್‌ನಲ್ಲಿ ಒಳ್ಳೆ ಹುಡುಗ ಇದ್ದರೂ ಸುಮ್ನೆ ನೋಡುತ್ತಾ ಕೂರಬೇಕು. ಊರಿನ ಶಾಲೆಯಲ್ಲಿ ಮೊಣಕಾಲುದ್ದ ಇರುವ ಮಕ್ಕಳು ಬೆಳೆಯುವವರೆಗೆ ಕಾಯಬೇಕು, ಅವರ ಕೈಗೆ ಕೋಲು ಕೊಟ್ಟು ಸಂಜೆ ಸಂಜೆ ಕಲಿಸಬೇಕು. ನಿಯಮ ದೊಡ್ಡ ಕ್ಲಬ್‌ಗಳಿಂದ ಬ್ಯಾಲಿಹೇಲನ್ನು ಕಾಪಾಡುತ್ತದೆ ನಿಜ. ಅದೇ ನಿಯಮ ಕಷ್ಟ ಬಂದಾಗ ಬ್ಯಾಲಿಹೇಲಿನ ಕೈಯನ್ನೂ ಕಟ್ಟಿಹಾಕುತ್ತದೆ.

ಆ ಮಕ್ಕಳಲ್ಲಿ ಒಬ್ಬ ಹೆನ್ರಿ ಶೆಫ್ಲಿನ್. ಮನೆಯವರದ್ದು ಅದೇ ಊರಿನಲ್ಲಿ ಪಬ್. ಕಿಲ್ಕೆನಿ ಕೌಂಟಿ ತಂಡಕ್ಕೆ ಆಡಿ ಹತ್ತು ಅಖಿಲ ಐರ್ಲೆಂಡ್ ಪದಕ ಗೆದ್ದರು, ಮೂರು ಸಲ ವರ್ಷದ ಆಟಗಾರ. ಇಷ್ಟೆಲ್ಲ ಆಗುವಾಗಲೂ ಹೊಟ್ಟೆಪಾಡಿಗೆ ಬ್ಯಾಂಕ್ ಕೆಲಸ. ಅವರ ಜೊತೆಗೆ ಜೇಮ್ಸ್ ಫಿಟ್ಸ್‌ಪ್ಯಾಟ್ರಿಕ್, ಊರೆಲ್ಲ 'ಚಾ' ಅಂತ ಕರೆಯುವವರು. ಫೆನೆಲಿ ಮನೆಯ ಮುಂದಿನ ತಲೆಮಾರಿನ ಮೈಕೆಲ್ ಮತ್ತು ಕಾಲಿನ್. ಆಮೇಲೆ ಟಿ.ಜೆ. ರೀಡ್.

ಇಲ್ಲೊಂದು ಮಜಾ ಇದೆ. ಕೌಂಟಿ ಕಪ್ ಗೆದ್ದ ಕ್ಲಬ್ಬೇ ಮರುವರ್ಷದ ಕೌಂಟಿ ತಂಡದ ನಾಯಕನನ್ನು ಹೆಸರಿಸುವ ಪದ್ಧತಿ ಕಿಲ್ಕೆನಿಯಲ್ಲಿ ಬಹುಕಾಲ ಇತ್ತು. ಹಾಗಾಗಿ 2007ರಲ್ಲಿ ಶೆಫ್ಲಿನ್, 2008ರಲ್ಲಿ ಚಾ, 2009ರಲ್ಲಿ ಮೈಕೆಲ್ ಫೆನೆಲಿ, ಮೂರು ವರ್ಷ ಮೂವರು, ಎಲ್ಲರೂ ಒಂದೇ ಕ್ಲಬ್ಬಿನವರು, ಕೌಂಟಿ ತಂಡಗಳು ಆಡುವ ದೇಶದ ಕಪ್ ಎತ್ತಿದರು. 2009ರ ಫೈನಲ್‌ಗೆ ಮೈಕೆಲ್ ಮೊದಲ ಹದಿನೈದರಲ್ಲೇ ಇರಲಿಲ್ಲ. ನಾಯಕ ಬೆಂಚಿನ ಮೇಲೆ ಕೂತಿದ್ದು, ನಡುವೆ ಎದ್ದು ಬಂದು ಆಡಿ, ಕೊನೆಗೆ ಹೋಗಿ ಕಪ್ ತೆಗೆದುಕೊಂಡರು.

ಕ್ಲಬ್ ಕಪ್‌ಗಳೂ ಸಾಲಾಗಿ ಬಂದವು: 2007, 2010, 2015, 2019, 2020, 2023. ಮೊದಲಿನ ಮೂರೂ ಸೇರಿ ಒಂಬತ್ತು. ಹರ್ಲಿಂಗ್‌ನಲ್ಲಿ ಬೇರೆ ಯಾವ ಕ್ಲಬ್ಬೂ ಈ ಲೆಕ್ಕದ ಹತ್ತಿರವಿಲ್ಲ.

ಆದರೆ ನನಗೆ ಹೆಚ್ಚು ನೆನಪಿರುವುದು ಗೆಲ್ಲದೇ ಹೋದ ಒಂದು. 2022ರ ಫೆಬ್ರವರಿ 12, ಡಬ್ಲಿನ್‌ನ ಕ್ರೋಕ್ ಪಾರ್ಕ್. ಸೆಮಿಫೈನಲ್‌ನಲ್ಲಿ ಬ್ಯಾಲಿಹೇಲ್ ಸೋತೇ ಹೋಯಿತು ಅನ್ನುವಾಗ ಟಿ.ಜೆ. ರೀಡ್ ಫ್ರೀ ಹೊಡೆತವನ್ನು ನೇರ ಗೋಲಿಗೆ ಬಾರಿಸಿ ಉಳಿಸಿದ್ದರು. ಫೈನಲ್ ಎದುರಾಳಿ ವಾಟರ್‌ಫರ್ಡ್‌ನ ಬ್ಯಾಲಿಗನ್ನರ್. ಸಮಯ ಮುಗಿದಿದೆ, ಹೆಚ್ಚುವರಿ ನಿಮಿಷಗಳು ನಡೆಯುತ್ತಿವೆ. ಬ್ಯಾಲಿಹೇಲ್ 1-19, ಅಂದರೆ 22. ಎದುರಿನವರು 1-17, ಅಂದರೆ 20. ಆಗ ಬದಲಿ ಆಟಗಾರನಾಗಿ ಬಂದಿದ್ದ ಹ್ಯಾರಿ ರಡಲ್ ಒಂದು ಚೆಂಡನ್ನು ಬಲೆಗೆ ಬಾರಿಸಿದರು. ಗೋಲಿನ ಗುರುತಾದ ಹಸಿರು ಬಾವುಟ ಮೇಲೆದ್ದಿತು. 2-17. ಇಪ್ಪತ್ತಮೂರು. ಆ ಕ್ಲಿಪ್ಪನ್ನು ನಾನು ಎಷ್ಟು ಸಲ ನೋಡಿದ್ದೇನೋ. ಹಸಿರು-ಬಿಳಿ ಅಂಗಿಯವರು ನಿಂತಲ್ಲೇ ನಿಂತುಬಿಡುತ್ತಾರೆ.

ಅದೇ ಹುಡುಗರು ಅದೇ ವರ್ಷ ಮತ್ತೆ ಶುರು ಮಾಡಿದರು. ಡಿಸೆಂಬರ್‌ನಲ್ಲಿ ಲೆನ್‌ಸ್ಟರ್ ಪ್ರಾಂತ್ಯದ ಫೈನಲ್‌ನಲ್ಲಿ ಡಬ್ಲಿನ್‌ನ ಕಿಲ್ಮಕಡ್ ಕ್ರೋಕ್ಸ್ ತಂಡವನ್ನು ಸೋಲಿಸಿದರು. ಅದು ಸಾವಿರಾರು ಸದಸ್ಯರಿರುವ, ದೇಶದ ದೊಡ್ಡ ಕ್ಲಬ್‌ಗಳಲ್ಲೊಂದು. ಜನವರಿಯಲ್ಲಿ ಡನ್‌ಲೋಯ್ ತಂಡದ ಮೇಲೆ ಗೆದ್ದು ಒಂಬತ್ತನೆಯ ಕಪ್ ತಂದರು.

ಇನ್ನು ದುಡ್ಡು. ಕ್ಲಬ್ ಆಟಗಾರನಿಗೆ ಸಂಬಳ ಇಲ್ಲ. ಕೌಂಟಿ ತಂಡದವರಿಗೆ ಓಡಾಟದ ಖರ್ಚು ಮತ್ತು ಸರ್ಕಾರದ ಒಂದು ಸಣ್ಣ ಸಹಾಯಧನ ಸಿಗುತ್ತದೆ, ಅಷ್ಟೇ. ಕ್ರೋಕ್ ಪಾರ್ಕ್‌ನಲ್ಲಿ 82 ಸಾವಿರ ಜನ ಹಿಡಿಯುತ್ತಾರೆ. ಆ ಟಿಕೆಟ್ ದುಡ್ಡು ಕೌಂಟಿಗಳಿಗೆ, ಮೈದಾನಗಳಿಗೆ, ಕೋಚಿಂಗ್‌ಗೆ ವಾಪಸ್ ಹೋಗುತ್ತದೆ. ಉಳಿದದ್ದನ್ನು ಹಳ್ಳಿ ಕ್ಲಬ್‌ಗಳು ತಾವೇ ಹೊಂದಿಸಿಕೊಳ್ಳುತ್ತವೆ: ಸದಸ್ಯತ್ವ, ವಾರದ ಲಾಟರಿ ಚೀಟಿ, ಊರವರ ಕೈಸಹಾಯ. ಹುಲ್ಲು ಕತ್ತರಿಸುವುದೂ ಊರವರೇ, ಅಂಗಿ ಒಗೆಯುವುದೂ ಊರವರೇ.

ನಿಯಮಕ್ಕೆ ಸಂದುಗಳೂ ಇವೆ. ನಿಜವಾಗಿಯೂ ಮನೆ ಬದಲಿಸಿದವರು ಅರ್ಜಿ ಹಾಕಿ ಕ್ಲಬ್ ಬದಲಿಸಬಹುದು. ಮಕ್ಕಳ ಸಂಖ್ಯೆ ಕಡಿಮೆಯಾದ ಹಳ್ಳಿಗಳು ಕಿರಿಯರ ತಂಡಕ್ಕೆ ಪಕ್ಕದ ಪ್ಯಾರಿಷ್ ಜೊತೆ ಸೇರಿಕೊಳ್ಳುತ್ತವೆ. ಕೋಚ್‌ಗಳಿಗಂತೂ ಈ ಕಟ್ಟೇ ಇಲ್ಲ. ಶೆಫ್ಲಿನ್ ಆಟ ನಿಲ್ಲಿಸಿದ ಮೇಲೆ 2019 ಮತ್ತು 2020ರ ಕಪ್‌ಗಳನ್ನು ಮ್ಯಾನೇಜರ್ ಆಗಿ ತಮ್ಮೂರಿಗೇ ಗೆದ್ದುಕೊಟ್ಟರು. 2021ರಲ್ಲಿ ಗಾಲ್ವೇ ಕೌಂಟಿ ಅವರನ್ನು ಕರೆಯಿತು, ಹೋದರು. ಮರುವರ್ಷ ಲೆನ್‌ಸ್ಟರ್ ಫೈನಲ್‌ನಲ್ಲಿ ಗಾಲ್ವೇ ಎದುರು ನಿಂತದ್ದು ಕಿಲ್ಕೆನಿ. ಕಿಲ್ಕೆನಿಗೆ ಪಾಯಿಂಟ್ ಹೊಡೆಯುತ್ತಿದ್ದವರು ಟಿ.ಜೆ. ರೀಡ್, ಶೆಫ್ಲಿನ್ ಊರಿನವರೇ. ಅಂಕಣದ ಆಚೆ ನಿಂತು ಶೆಫ್ಲಿನ್ ತಮ್ಮ ಹುಡುಗನನ್ನೇ ತಡೆಯೋಕೆ ಕೂಗುತ್ತಿದ್ದರು. ಕಿಲ್ಕೆನಿ ಗೆದ್ದಿತು.