ಅವರೆ ಬಳ್ಳಿಗೆ ಹೇನು ಬಿದ್ದರೆ ಎಣ್ಣೆ (ಕೀಟನಾಶಕ) ಹೊಡೆಯಲೇಬೇಕಾ?

ಪ್ರಶ್ನೆ: ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ಹಿತ್ತಲಿನ ಅವರೆ ಕುಡಿಗಳಿಗೆ ಕರಿ ಹೇನು ಮುತ್ತುತ್ತವೆ. ಕಾಯಿ ತಿನ್ನೋರು ನಾವೇ, ಎಣ್ಣೆ ಹೊಡೆಯೋಕೆ ಮನಸ್ಸಿಲ್ಲ. ಬೇರೆ ದಾರಿ ಇದೆಯಾ? (ಸಿಂಧನೂರಿನ ಓದುಗರು)

ಉತ್ತರ: ಇದೆ. ಮೊದಲು ಬಳ್ಳಿ ಮೇಲೆ ಇರುವೆ ಸಾಲು ಹೊರಟಿದೆಯಾ ನೋಡಿ. ಹೇನು ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಆ ಅಂಟಿನ ಆಸೆಗೆ ಇರುವೆ ಕಾವಲು ನಿಂತು, ಹೇನು ತಿನ್ನಲು ಬಂದ ಹುಳುಗಳನ್ನು ಓಡಿಸುತ್ತದೆ. ಚಪ್ಪರದ ಕಂಬಕ್ಕೂ ಬಳ್ಳಿಯ ಬುಡಕ್ಕೂ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಪಟ್ಟಿಯ ಮೇಲೆ ಗ್ರೀಸ್ ಹಚ್ಚಿ. ಕಾಂಡಕ್ಕೆ ನೇರವಾಗಿ ಹಚ್ಚಬೇಡಿ.

ಚಳಿಗಾಲದಲ್ಲೇ ಯಾಕೆ ಇಷ್ಟು ಕಾಟ? ಹವೆ ತಂಪು, ತೊಳೆದು ಹಾಕೋಕೆ ಮಳೆ ಇಲ್ಲ. ಹೆಣ್ಣು ಹೇನಿಗೆ ಗಂಡಿನ ಹಂಗೂ ಇಲ್ಲ, ನೇರ ಮರಿ ಹಾಕುತ್ತದೆ. ಆ ಮರಿ ವಾರ, ಹತ್ತು ದಿನದಲ್ಲಿ ತಾನೇ ತಾಯಿ! ಅದಕ್ಕೇ ಎರಡು ಮೂರು ದಿನಕ್ಕೊಮ್ಮೆ ಕುಡಿ ತಿರುವಿ ನೋಡಬೇಕು. ಪಕ್ಕದ ಹೊಲದ ಕುಸುಬಿಯನ್ನು ಮಾತ್ರ ಬೈಯಬೇಡಿ. ಕುಸುಬಿ ಹೇನೇ ಬೇರೆ ಜಾತಿ. ಅವರೆಗೆ ಬರುವ ಕರಿ ಹೇನು ಅಲಸಂದಿ, ಶೇಂಗಾಕ್ಕೂ ಬೀಳುತ್ತದೆ.

ತೀರಾ ಮುತ್ತಿದ ಕುಡಿ ಚಿವುಟಿ ಸೋಪಿನ ನೀರಿನ ಬಕೆಟ್‌ಗೆ ಹಾಕಿ. ಉಳಿದದ್ದಕ್ಕೆ ಬೆಳಿಗ್ಗೆ ಪೈಪಿನ ಬಾಯಿ ಬೆರಳಲ್ಲಿ ಒತ್ತಿ, ಎಲೆಯ ಕೆಳಗಿನಿಂದ ಜೋರಾಗಿ ನೀರು ಬಿಡಿ. ಬಿದ್ದ ಹೇನು ಮರಳಿ ಹತ್ತೋದು ಕಡಿಮೆ. ಆಮೇಲೂ ಉಳಿದರೆ ಸೋಪಿನ ನೀರು: ಲೀಟರಿಗೆ 5 ಗ್ರಾಂ ಸ್ನಾನದ ಸೋಪು ತುರಿದು ಕರಗಿಸಿ, ಹೇನಿನ ಮೈ ತೋಯುವಂತೆ ಸಿಂಪಡಿಸಿ. ಮೈಗೆ ತಾಗದಿದ್ದರೆ ಸಾಯೋದಿಲ್ಲ. ನಮ್ಮ ಕಡೆ ಎಷ್ಟೋ ಬೋರ್‌ಗಳ ನೀರು ಗಡಸು, ಅದರಲ್ಲಿ ಸೋಪು ಒಡೆದು ಕೆನೆಗಟ್ಟುತ್ತದೆ, ಕೆಲಸ ಮಾಡೋದಿಲ್ಲ. ಕುಡಿಯೋ ನೀರೇ ಬಳಸಿ. ಬಟ್ಟೆ ಪೌಡರ್ ಬೇಡ, ಎಲೆ ಸುಡುತ್ತದೆ. ಮೊದಲು ಒಂದು ಕುಡಿಗೆ ಹೊಡೆದು ಮರುದಿನ ನೋಡಿ.

ಸೋಪು ಹೊಡೆಯುವ ಮುಂಚೆ ಇನ್ನೊಂದು ವಿಷಯ. ಗುಲಗಂಜಿ ಹುಳು ಎಲ್ಲರಿಗೂ ಗೊತ್ತು, ಅದರ ಮರಿ ಗೊತ್ತಿಲ್ಲ. ಬೂದು ಕಪ್ಪು ಮೈ, ಮೇಲೆ ಕಿತ್ತಳೆ ಚುಕ್ಕೆ, ಪುಟ್ಟ ಮೊಸಳೆಯ ಹಾಗಿರುತ್ತದೆ. ಇದೇ ಕೀಟ ಅಂತ ಜನ ಹೊಸಕಿ ಹಾಕುತ್ತಾರೆ. ಅದು ತಿನ್ನೋದು ಹೇನನ್ನೇ ಅಲ್ವಾ! ಹಾಗೇ ಉಬ್ಬಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಅಲ್ಲಾಡದೆ ಕೂತ ಹೇನು ಕಂಡರೆ ಮುಟ್ಟಬೇಡಿ. ಒಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿರುತ್ತದೆ. ಇವೆರಡೂ ಇರುವ ಕುಡಿಗೆ ಸೋಪು ತಾಗಿಸಬೇಡಿ.

ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ, ಎಳೆ ಚಿಗುರು ಜಾಸ್ತಿಯಾದಷ್ಟೂ ಹೇನಿಗೆ ಹಬ್ಬ. ಮಾರ್ಚ್ ಬಿಸಿಲು ಏರಿದ ಮೇಲೆ ಅವು ತಾವಾಗಿಯೇ ಕಡಿಮೆಯಾಗುತ್ತವೆ.